ಹಾಲಿಗೆ ಗೋಪುರ ಬರುತ್ತಾ?

ಹೋದ ವಾರ ಸಂಜೆ ಹುರಿಹಿಟ್ಟಿಗೆ ಅಂತ ರಾಗಿ ನೆನೆಹಾಕೋಕೆ ಪಾತ್ರೆಗೆ ಸುರೀತಿದ್ದೆ. ಪಕ್ಕದಲ್ಲಿ ನಿಂತು ನೋಡ್ತಿದ್ದ ಮಗಳು "ಅಮ್ಮ, ರಾಗಿ ಲಿಕ್ವಿಡ್ಡಾ?" ಅಂದ್ಳು. ಅಲ್ಲ ಪುಟ್ಟಿ, ಘನ ಅಂದೆ. "ಮತ್ತೆ ಸುರಿದ್ರೆ ಸುರಿಯುತ್ತಲ್ಲ? ಡಬ್ಬಿಗೆ ಹಾಕಿದ್ರೆ ಡಬ್ಬಿ ಶೇಪ್, ಲೋಟಕ್ಕೆ ಹಾಕಿದ್ರೆ ಲೋಟದ ಶೇಪ್. ಹಾಲೂ ಹಂಗೇ ಅಲ್ವಾ?" ನನಗೆ ಬಾಯಿ ಕಟ್ಟಿದಂಗಾಯ್ತು.

ಇಲ್ಲಿ ಟೊರೊಂಟೊದಲ್ಲಿ ಎರಡನೇ ಕ್ಲಾಸಿಗೇ ಘನ, ದ್ರವ ಬರುತ್ತೆ, ಆದ್ರೆ ಟೀಚರ್ ಒಂದು ಡೆಫಿನಿಷನ್ನೂ ಬರೆಸಿಲ್ಲ. ಮರಳು, ಜೇನುತುಪ್ಪ, ಸ್ಪಂಜು, ನೀರಲ್ಲಿ ಕಲಸಿದ ಕಾರ್ನ್‌ಫ್ಲೋರ್ ಎಲ್ಲ ಟೇಬಲ್ ಮೇಲಿಟ್ಟು ನೀವೇ ಗುಂಪು ಮಾಡಿ, ಕಾರಣ ಹೇಳಿ ಅಂದಿದ್ದಾರೆ. ಆ ಕಾರ್ನ್‌ಫ್ಲೋರು ಗುದ್ದಿದ್ರೆ ಗಟ್ಟಿ, ಮೆಲ್ಲಗೆ ಬೆರಳಿಟ್ರೆ ಒಳಗೆ ಇಳಿಯುತ್ತೆ, ಅದು ಯಾವ ಗುಂಪು ಅಂತ ಮಕ್ಕಳು ಜಗಳಾನೇ ಆಡಿದ್ರಂತೆ. ಮರಳಿನ ವಿಷಯ ಕೇಳಿದ್ದಕ್ಕೆ ಟೀಚರು "ನೀನು ಹೆಂಗೆ ಕಂಡುಹಿಡೀತೀಯ?" ಅಂತ ತಿರುಗಿ ಕೇಳಿ ಮನೆಗೆ ಕಳಿಸಿದ್ದಾರೆ.

ಗುಬ್ಬಿ ಹತ್ರ ನಮ್ಮೂರಲ್ಲಿ ಆಗ ತಾನೆ ಬೆಳಕಾಗಿತ್ತು, ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಓದಿರೋದು ನಾಲ್ಕನೇ ಕ್ಲಾಸು. ಮೊಮ್ಮಗಳ ಪ್ರಶ್ನೆ ಕೇಳಿ ಒಂಚೂರು ಸುಮ್ಮನಿದ್ದು "ಒಂದು ಲೋಟಕ್ಕೆ ರಾಗಿ ತುಂಬವ್ವ. ಇನ್ನೂ ಹಾಕು, ಮೇಲೆ ಗೋಪುರ ಬರ್ಲಿ" ಅಂದ್ರು. ಬಂತು. "ಈಗ ಹಾಲಿಗೂ ಗೋಪುರ ಬರುತ್ತಾ ನೋಡು." ಹಾಲು ಅಂಚಿನವರೆಗೆ ಬಂದು, ಒಂದೆಳೆಯಷ್ಟು ಉಬ್ಬಿ ನಿಂತು, ಆಮೇಲೆ ಕಟ್ಟೆ ಮೇಲೆಲ್ಲ ಹರೀತು. "ನೋಡ್ದಾ? ಅದಕ್ಕೇ ಸೇರಲ್ಲಿ ರಾಗಿ ಅಳೆಯೋವಾಗ ಗೋಪುರ ಕಟ್ಟಿ ಕೊಡ್ತೀವಿ, ಹಾಲಿಗೆ ಅದಾಗಲ್ಲ, ಅದು ಸಮ ಆಗ್ಬಿಡುತ್ತೆ." ಮಗಳು ಒಂದೇ ಒಂದು ಕಾಳು ಬೆರಳ ತುದೀಲಿಟ್ಟು ಒತ್ತಿ ನೋಡಿ, "ಇದರ ಶೇಪ್ ಬದಲಾಗಲ್ಲ, ರಾಗಿ ಅಂದ್ರೆ ತುಂಬಾ ಪುಟ್ಟ ಪುಟ್ಟ ಘನಗಳು!" ಅಂತ ಕೂಗಿದ್ಳು.

ಅಮ್ಮನ ಬಗ್ಗೆ ಎಷ್ಟು ಹೆಮ್ಮೆ ಆಯ್ತೋ ಅಷ್ಟೇ ಹೊಟ್ಟೆ ಉರೀತು. ಇಂಥ ಅಮ್ಮ ಮನೇಲಿದ್ರೂ ನಾನು ಸ್ಕೂಲಲ್ಲಿ ಕಲಿತಿದ್ದು ಘನ, ದ್ರವ, ಅನಿಲ ಅಂತ ರಾಗವಾಗಿ ಹೇಳೋದು ಮಾತ್ರ. ಐದನೇ ಕ್ಲಾಸಲ್ಲಿ ಒಂದು ಸಲ, ಧನುರ್ಮಾಸದ ಚಳಿ, ಮನೇಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು, ಅಮ್ಮ ಬಾಟ್ಲಿನ ಒಲೆ ಪಕ್ಕ ಇಟ್ಟು ಕರಗಿಸಿ ನನಗೆ ಜಡೆ ಹಾಕಿದ್ರು. ಎಣ್ಣೆ ಘನಾನಾ ದ್ರವಾನಾ ಸಾರ್ ಅಂತ ಕೇಳಿದೆ. ತಲೆಹರಟೆ ಅಂತ ಬೆಂಚ್ ಮೇಲೆ ನಿಲ್ಲಿಸಿದ್ರು. ತಿಪಟೂರು ಕೊಬ್ಬರಿ ಇರೋ ಜಿಲ್ಲೇಲಿ, ಎಲ್ಲರ ಮನೇಲೂ ಇದ್ದ ಪಾಠ ಅದು! ಆಮೇಲೆ ನಾನು ಕ್ಲಾಸಲ್ಲಿ ಏನೂ ಕೇಳಲಿಲ್ಲ. ಈಗ ನಮ್ಮತ್ತಿಗೆ ಸರ್ಕಾರಿ ಶಾಲೇಲಿ ನಲಿ-ಕಲಿ ಮಕ್ಕಳಿಗೆ ಪಾಠ ಮಾಡ್ತಾರೆ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಆಟ ಆಡ್ತಾ ಮಾಡಿ ಕಲಿಯೋ ಪದ್ಧತಿ ಅದು, ಮಕ್ಕಳು ಬೆನ್ನು ಬಿಡದೆ ಪ್ರಶ್ನೆ ಕೇಳ್ತವೆ ಅಂತಾರೆ. ಕೇಳಿ ಖುಷಿ ಆಗುತ್ತೆ, ಆದ್ರೆ ಮುಂದಿನ ಕ್ಲಾಸುಗಳಲ್ಲಿ ಮತ್ತೆ ಬಾಯಿಪಾಠ ಅಂತ ಅವರಿಗೂ ಸಂಕಟ.

ನಿನ್ನೆ ರಾತ್ರಿ ಬಚ್ಚಲುಮನೆಯಿಂದ ಕೊಬ್ಬರಿ ಎಣ್ಣೆ ಬಾಟ್ಲಿ ತಂದು ಮಗಳ ಮುಂದಿಟ್ಟು ಅದೇ ಪ್ರಶ್ನೆ ಕೇಳಿದೆ. ಅವಳು ಉತ್ತರ ಹೇಳಲಿಲ್ಲ, ಥರ್ಮಾಮೀಟರ್ ಬೇಕು ಅಂದ್ಳು. ಬಿಸಿನೀರಿನ ಬಟ್ಟಲಲ್ಲಿ ಬಾಟ್ಲಿ ನಿಲ್ಲಿಸಿದ್ವಿ. ಅಂಚಲ್ಲಿ ಮೊದಲು ಒಂದು ತಿಳಿ ಗೆರೆ ಬಂತು, ಬಿಳಿ ಗಡ್ಡೆ ನಡುವೆ ಉಳೀತು. ಪುಸ್ತಕದಲ್ಲಿ ಅವಳು ಬರೆದಿದ್ದು: 20, ಗಟ್ಟಿ. 24, ಎರಡೂ. 27, ನೀರು ನೀರು. ಆ "ಎರಡೂ" ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.