ಮೂವತ್ತೆಂಟರಿಂದ ಹನ್ನೊಂದಕ್ಕೆ: ನನ್ನ 0.177 ಏರ್ ರೈಫಲ್, ಆರನೆಯ ವಾರ

ಇಂದು ಬೆಳಿಗ್ಗೆ ಆರೂವರೆಗೆ, ಹತ್ತು ಮೀಟರ್ ದೂರದಿಂದ ಹಾರಿಸಿದ ಐದು ಪುಟ್ಟ ಸೀಸದ ಗುಂಡುಗಳು, ಅಂದರೆ ಪೆಲೆಟ್‌ಗಳು ಹನ್ನೊಂದು ಮಿಲಿಮೀಟರ್ ಒಳಗೆ ಬಿದ್ದವು. ಕಳೆದ ಭಾನುವಾರ ಇದೇ ರೈಫಲ್, ಇದೇ ಡಬ್ಬಿಯ ಪೆಲೆಟ್, ಗ್ರೂಪ್ (ರಂಧ್ರಗಳು ಹರಡಿದ ಅಗಲ) ಮಾತ್ರ ಮೂವತ್ತೆಂಟು. ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೊಲವನ್ನೆಲ್ಲ ಒಂದು ಸುತ್ತು ಹಾಕಿ ಬಂದೆ.

ಇಂಚಿನ ಲೆಕ್ಕದಲ್ಲಿ ಇಷ್ಟು ಕಿರಿದಾದ 0.177 ನಳಿಗೆ ಏಕೆ ಎಂದು ಹಲವರು ಕೇಳಿದ್ದಾರೆ. ನಮ್ಮ ಹೊಲ ಕಲಬುರಗಿಯಿಂದ ಅಫಜಲಪುರದ ಕಡೆಗೆ ಹೋಗುವ ದಾರಿಯಲ್ಲಿದೆ. ತೊಗರಿಗೆ ಹಂದಿಯ ಕಾಟ, ಮನೆಯ ಚೀಲಗಳಿಗೆ ಇಲಿಯ ಕಾಟ. "ಬಂದೂಕು ತೆಗೆದುಕೊಳ್ಳುವುದಾದರೆ ದೊಡ್ಡದನ್ನೇ ತೆಗೆದುಕೋ" ಎಂದರು ಕಾಕಾ. ನಾನೂ ಅಮೆರಿಕದವರು ಪ್ರೇರಿ ಡಾಗ್ ಎಂಬ ಬಿಲದ ದಂಶಕ, ಕಯೋಟಿ ಎಂಬ ನರಿಯಂಥ ಪ್ರಾಣಿ ಹೊಡೆಯಲು ಬಳಸುವ 0.223 ರೆಮಿಂಗ್ಟನ್, 2002ರಲ್ಲಿ ಬಂದ 0.17 ಎಚ್‌ಎಂಆರ್ ಎಂಬ ತೋಟಾಗಳ ಬಗ್ಗೆಯೆಲ್ಲ ರಾತ್ರಿಗಟ್ಟಲೆ ಓದಿದೆ. ಆದರೆ ಅದು ಅವರ ನೆಲದ ಲೆಕ್ಕ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹಂದಿ ಬೆಳೆ ತಿಂದಿತೆಂದು ನಾನಾಗಿ ಗುಂಡು ಹಾರಿಸುವಂತಿಲ್ಲ. ನಮ್ಮ ಬದುವಿನ ಮೇಲೆ ಓಡಾಡುವ ನವಿಲೂ ಆ ಕಡೆಯ ಬಯಲಿನ ಕೃಷ್ಣಮೃಗವೂ ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿವೆ. ಪರವಾನಗಿ ಪಡೆದು ಸಣ್ಣ 0.22 ರೈಫಲ್ ತಂದರೂ ಅದರ ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ಗುಡ್ಡವಿಲ್ಲದ ಈ ಎರೆಭೂಮಿಯಲ್ಲಿ ಅದನ್ನು ತಡೆಯುವುದು ಯಾವುದು? ಆಚೆ ಕಳೆ ಕೀಳುವವರಿರುತ್ತಾರೆ.

ಆದ್ದರಿಂದ ಪ್ರಾಣಿಯ ಮಾತು ಬಿಟ್ಟು ಗುರಿಯ ಮಾತಿಗೆ ಬಂದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಿದರೆ ಅಥವಾ ಶಕ್ತಿ 20 ಜೌಲ್ ಮೀರಿದರೆ ಏರ್ ರೈಫಲ್‌ಗೂ ಪರವಾನಗಿ ಬೇಕು. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೌಲ್. "ಮಕ್ಕಳ ಆಟಿಕೆ" ಎಂದರು ಕಾಕಾ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 4.5 ಮಿಲಿಮೀಟರಿನಲ್ಲಿ, ಇದೇ ಹತ್ತು ಮೀಟರಿನಲ್ಲಿ ಎಂದು ಹೇಳಿದೆ. ಆ ಗುರಿಯ ನಟ್ಟನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು.

ಇನ್ನು, ಈ ಆರು ವಾರಗಳಲ್ಲಿ ನನ್ನ ನಿದ್ದೆ ಕೆಡಿಸಿದ ವಿಷಯ. ನನ್ನದು ನಳಿಗೆ ಮುರಿದು, ಅಂದರೆ ಕೀಲಿನಲ್ಲಿ ಕೆಳಗೆ ಬಗ್ಗಿಸಿ, ಸ್ಪ್ರಿಂಗ್ ಏರಿಸುವ ರೈಫಲ್. ಹೊಡೆತಗಳು ಅಡ್ಡಕ್ಕೆ ಚದರುತ್ತಿರಲಿಲ್ಲ, ಉದ್ದಕ್ಕೆ ಮೇಲೆ ಕೆಳಗೆ ಸಾಲುಗಟ್ಟುತ್ತಿದ್ದವು. ಮೊದಲ ಅನುಮಾನ ಪೆಲೆಟ್ ಮೇಲೆ. ತರಿಸಿದ ಡಬ್ಬಿ ಕೊರಿಯರ್‌ನಲ್ಲಿ ಜಜ್ಜಿಕೊಂಡು ಬಂದಿತ್ತು. ಐನೂರರಲ್ಲಿ ಅರವತ್ತೊಂದರ ಹಿಂಬದಿಯ ಅಂಚು ಸೊಟ್ಟಗಾಗಿತ್ತು. ಮಾರಿದವರನ್ನು ಕೇಳಿದರೆ "ಸೀಸ ಮೆತ್ತಗಲ್ಲವೇ ಸರ್" ಎಂದರು. ಮೆತ್ತಗಿರುವುದಕ್ಕೇ ಅಲ್ಲವೇ ಡಬ್ಬಿಯೊಳಗೆ ಸ್ಪಂಜು ಇಡಬೇಕಾದದ್ದು! ಅವನ್ನೆಲ್ಲ ಆರಿಸಿ ಎಸೆದೆ. ಗ್ರೂಪ್ ಮೂವತ್ತಾರು.

ಎರಡನೆಯ ಅನುಮಾನ ವೇಗದ ಏರಿಳಿತ. ಇಲ್ಲಿ ಒಂದು ಸಂಜೆ ಕುಳಿತು ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ಸೆಕೆಂಡಿಗೆ 200 ಮೀಟರ್ ಹೋಗುವ ಪೆಲೆಟ್ ಹತ್ತು ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 12 ಮಿಲಿಮೀಟರ್ ಇಳಿಯುತ್ತದೆ. 180ಕ್ಕೆ ಕುಸಿದರೆ 15. ಅಷ್ಟು ದೊಡ್ಡ ಏರುಪೇರಿಗೂ ವ್ಯತ್ಯಾಸ ಮೂರೇ ಮಿಲಿಮೀಟರ್! ಅಂದರೆ ಸ್ಪ್ರಿಂಗ್, ಸೀಲು, ಗ್ರೀಸ್ ಯಾವುದೂ ಕಳ್ಳನಲ್ಲ. ಆ ರಾತ್ರಿ ರೈಫಲ್ ಬಿಚ್ಚದೆ ಬಿಟ್ಟೆ. ಸ್ಪ್ರಿಂಗ್ ಗನ್ ಬಿಚ್ಚಿ ಜೋಡಿಸಿದವರಿಗೆ ಆ ನೆಮ್ಮದಿ ಎಂಥದ್ದೆಂದು ತಿಳಿದಿರುತ್ತದೆ. ರೈಫಲ್ಲಿನ ಮರದ ಭಾಗವನ್ನು ಹಿಡಿದಿರುವ ತಿರುಪುಗಳನ್ನು ಬಿಗಿ ಮಾಡಿದೆ, ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಹಿಡಿ ಜಾರದಂತೆ ತಡೆ ಹಾಕಿದೆ. ಮತ್ತೆ ಮೂವತ್ತೆಂಟೇ.

ಉತ್ತರ ಕೊಟ್ಟದ್ದು ಎರೆಮಣ್ಣು. ರೈಫಲ್ ಆನಿಸಲು ಹಳೆಯ ಧೋತರ ಹೊಲಿದು, ಹೊಲದ ಮಣ್ಣನ್ನೇ ಜರಡಿ ಹಿಡಿದು ತುಂಬಿದ ಚೀಲ ನನ್ನದು. ಬುಧವಾರ ರೈಫಲ್ ಒರೆಸುವಾಗ ಅದರ ಮುಂಭಾಗದ ಮರದ ಕೆಳಬದಿಯಲ್ಲಿ ಕಪ್ಪು ಗುರುತುಗಳು ಕಂಡವು, ಒಂದಲ್ಲ, ನಾಲ್ಕು ಬೆರಳುದ್ದಕ್ಕೂ ಹರಡಿದ್ದವು. ಮಣ್ಣು ಬಟ್ಟೆಯಿಂದ ಸೋರಿ, ನಾನು ರೈಫಲ್ ಎಲ್ಲೆಲ್ಲಿ ಆನಿಸಿದ್ದೆನೋ ಅಲ್ಲೆಲ್ಲ ಮುದ್ರೆ ಒತ್ತಿತ್ತು. ನಳಿಗೆ ಮುರಿಯಲು ಪ್ರತಿ ಹೊಡೆತಕ್ಕೂ ರೈಫಲ್ ಎತ್ತಲೇಬೇಕು. ಮರಳಿ ಇಡುವಾಗ ಪ್ರತಿ ಸಲವೂ ಜಾಗ ಬದಲಾಗುತ್ತಿತ್ತು. ಸ್ಪ್ರಿಂಗ್ ಗನ್‌ನಲ್ಲಿ ಗಾಳಿಯನ್ನು ಒತ್ತುವ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಿಗಿಯುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಈ ಕುಣಿತ ಶುರುವಾಗಿರುತ್ತದೆ. ಆಧಾರ ಬದಲಾದರೆ ಕುಣಿತವೂ ಬದಲಾಗುತ್ತದೆ, ಹೊಡೆತ ಮೇಲೆ ಕೆಳಗೆ ಸರಿಯುತ್ತದೆ.

ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡ್‌ನಿಂದ ನಾಲ್ಕು ಬೆರಳು ಮುಂದೆ ಸೀಮೆಸುಣ್ಣದ ಗೆರೆ ಎಳೆದೆ. ಚೀಲದ ಮೇಲೆ ಅಂಗೈ ಬಿಚ್ಚಿಟ್ಟು, ಆ ಗೆರೆ ಕಿರುಬೆರಳಿಗೆ ತಾಗುವಂತೆ ರೈಫಲ್ ಮಲಗಿಸಿದೆ. ಹಿಡಿಯಲಿಲ್ಲ, ಅದಕ್ಕೆ ಬೇಕಾದಷ್ಟು ಕುಣಿಯಲು ಬಿಟ್ಟೆ. ಗುರುವಾರ ಹದಿನಾರು, ನಿನ್ನೆ ಹದಿಮೂರು, ಇಂದು ಹನ್ನೊಂದು.

ಒಂದು ಎಚ್ಚರಿಕೆ. ನಮ್ಮ ಕಡೆ ಬೇಲಿಗೂ ಗೋಡೆಗೂ ಶಹಾಬಾದ್ ಕಲ್ಲಿನ ಚಪ್ಪಡಿ ನಿಲ್ಲಿಸುವುದು ವಾಡಿಕೆ. ಅದರ ಮುಂದೆ ಗುರಿ ಕಟ್ಟಬೇಡಿ. ಪೆಲೆಟ್ ಪುಟಿದು ನೇರ ಮುಖಕ್ಕೆ ಬರಬಹುದು. ಮರದ ಪೆಟ್ಟಿಗೆಗೆ ಹಳೆಯ ಬಟ್ಟೆ ಗಟ್ಟಿಯಾಗಿ ತುರುಕಿದ ತಡೆಯನ್ನು ನಾನು ಬಳಸುತ್ತೇನೆ, ಕಣ್ಣಿಗೆ ಕನ್ನಡಕ ಹಾಕಿಯೇ ಕೂರುತ್ತೇನೆ. ಸೀಸ ಮುಟ್ಟಿದ ಕೈ ತೊಳೆಯದೆ ರೊಟ್ಟಿಗೆ ಕೈ ಹಾಕುವುದಿಲ್ಲ.

ಅದೇ ಪೆಟ್ಟಿಗೆಯ ಹಲಗೆ ಉಳಿದಿದೆ, ಅದರಿಂದ ಮುಂದಿನ ಕೆಲಸ ಹೊಳೆಯಿತು: ಕಣಜ ಗೂಬೆಗೆ ಗೂಡು. ಇಲಿಯ ವಿಷಯದಲ್ಲಿ ನನ್ನ ಯಾವ ರೈಫಲ್‌ಗಿಂತಲೂ ಅದರ ಕಿವಿ ಚುರುಕು. ಅದು ರಾತ್ರಿಯಿಡೀ ಕೆಲಸ ಮಾಡುತ್ತದೆ, ಪರವಾನಗಿಯೂ ಬೇಡ. ಗೇಣಿಗಿಂತ ತುಸು ಚಿಕ್ಕದಾದ ಬಾಯಿ ಬಿಟ್ಟು, ಬಾವಿಯ ಪಕ್ಕದ ಬೇವಿನ ಮರಕ್ಕೆ ಎತ್ತರದಲ್ಲಿ ಕಟ್ಟಬೇಕೆಂದಿದ್ದೇನೆ. ವಿಷದ ಕಾಳು ಇಡಬೇಡಿರೆಂದು ಕಾಕಾಗೆ ಈಗಲೇ ಹೇಳಿಟ್ಟಿದ್ದೇನೆ. ವಿಷ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯಬಹುದು.

ಡಬ್ಬಿಯಲ್ಲಿ ನೂರ ಎಂಟು ಪೆಲೆಟ್ ಉಳಿದಿವೆ. ಬರುವ ಭಾನುವಾರ ಬಿಸಿಲು ಏರುವ ಮುನ್ನ, ಇದೇ ಗೆರೆ, ಇದೇ ಅಂಗೈ, ಇಪ್ಪತ್ತು ಮೀಟರ್.