ಡ್ರಮ್ ಸ್ಕ್ರೀನ್ ಉಕ್ಕಿದರೆ ಮೊದಲು ಜಾಲರಿ ನೋಡಿ, ಆಮೇಲೆ ಮೋಟರ್

ತ್ಯಾಜ್ಯನೀರಿನ ಘಟಕದಲ್ಲಿ ಡ್ರಮ್ ಸ್ಕ್ರೀನಿನ (ತಿರುಗುತ್ತಾ ನೀರಿನಿಂದ ಕಸ ಸೋಸುವ ಉರುಳೆಯ) ಕಸ ಬೀಳುವ ತುದಿಯಿಂದ ನೀರೂ ಧೋ ಎಂದು ಸುರಿಯತೊಡಗಿದರೆ ಶಿಫ್ಟ್‌ನಲ್ಲಿ ಕೇಳಿಬರುವ ಮೊದಲ ಮಾತು ‘ಈ ಸ್ಕ್ರೀನ್ ಸಾಲುತ್ತಿಲ್ಲ, ದೊಡ್ಡದು ಹಾಕಿಸಬೇಕು’. ಎರಡನೆಯದು ‘ಸ್ಪೀಡ್ ಜಾಸ್ತಿ ಮಾಡಿ’. ಸಾಮಾನ್ಯವಾಗಿ ಎರಡೂ ದಾರಿ ತಪ್ಪಿಸುತ್ತವೆ. ಬರುತ್ತಿರುವ ನೀರು ವಿನ್ಯಾಸದ ಮಿತಿಯೊಳಗೇ ಇದ್ದು ಡ್ರಮ್ ಉಕ್ಕುತ್ತಿದೆ ಎಂದರೆ ಜಾಲರಿಯ ಸಂದುಗಳು ಮುಚ್ಚಿಕೊಂಡಿವೆ, ಇಲ್ಲವೇ ನೀರು ಡ್ರಮ್ಮಿನೊಳಗೆ ಸರಿಯಾಗಿ ಹರಡುತ್ತಿಲ್ಲ. ಯಾವುದು ಅನ್ನುವುದನ್ನು ಡ್ರಮ್ಮೇ ಹೇಳುತ್ತದೆ. ಅದಕ್ಕೆ ಮೇಲಿನ ಮುಚ್ಚಳ, ಅಂದರೆ ಹುಡ್, ತೆರೆದು ಐದು ನಿಮಿಷ ನೋಡುವ ತಾಳ್ಮೆ ಬೇಕು.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಒಳಗಡೆ ನೀರು ಬಿಡುವ ಡ್ರಮ್ಮಿನ ಬಗ್ಗೆ. ಒಂದು ತುದಿಯಿಂದ ಹೆಡ್‌ಬಾಕ್ಸ್ (ನೀರು ಬಂದು ತುಂಬುವ ಪೆಟ್ಟಿಗೆ) ಡ್ರಮ್ಮಿನೊಳಗೆ ಚಾಚಿಕೊಂಡಿರುತ್ತದೆ. ಅದರ ಅಂಚಿನಿಂದ ತುಳುಕಿದ ನೀರು ಒಳಮೈ ಮೇಲೆ ಬಿದ್ದು, ಸಂದುಗಳಿಂದ ಹೊರಗಿಳಿದು ಕೆಳಗಿನ ತೊಟ್ಟಿ ಸೇರುತ್ತದೆ. ಉಳಿದ ಕಸವನ್ನು ಒಳಗೆ ವೆಲ್ಡ್ ಮಾಡಿರುವ ಸುರುಳಿ ಪಟ್ಟಿಗಳು ತೆರೆದ ತುದಿಯ ಕಡೆಗೆ ತಳ್ಳಿಕೊಂಡು ಹೋಗುತ್ತವೆ. ಡ್ರಮ್ ನಾಲ್ಕು ರೋಲರ್‌ಗಳ ಮೇಲೆ ಕೂತು ಚೈನಿನಿಂದಲೋ ಗೇರ್‌ನಿಂದಲೋ ತಿರುಗುತ್ತದೆ, ನಿಮಿಷಕ್ಕೆ ಹೆಚ್ಚುಕಡಿಮೆ 4ರಿಂದ 10 ಸುತ್ತು.

ಜಾಲರಿ ಅಂತ ಕರೆದರೂ ಇದು ನೇಯ್ದ ಜಾಲರಿಯಲ್ಲ, ವೆಜ್ ವೈರ್. ತಂತಿಯ ಅಡ್ಡಕೊಯ್ತ ತ್ರಿಕೋನ. ಅದರ ಚಪ್ಪಟೆ ಮುಖ ಕಸ ಬೀಳುವ ಕಡೆಗಿದ್ದು, ಸಂದು ಅಲ್ಲಿ ಅತಿ ಕಿರಿದಾಗಿ, ಹಿಂದಕ್ಕೆ ಹೋದಂತೆ ಅಗಲವಾಗುತ್ತದೆ. ಬಾಯಿ ದಾಟಿದ ಕಣ ಮಧ್ಯದಲ್ಲಿ ಸಿಕ್ಕಿಕೊಳ್ಳದೆ ಉದುರಬೇಕು ಎನ್ನುವುದು ಅದರ ಲೆಕ್ಕ. ಆದ್ದರಿಂದಲೇ ತೊಳೆಯುವ ನೀರು ಅಗಲವಾದ ಬದಿಯಿಂದ, ಅಂದರೆ ಈ ಡ್ರಮ್ಮಿಗೆ ಹೊರಗಿನಿಂದ, ಒಳಕ್ಕೆ ಹೊಡೆಯಬೇಕು. ಪ್ರೆಶರ್ ವಾಷರ್ ಹಿಡಿದು ಒಳಗಿನಿಂದ ಹೊಡೆದರೆ ಬಾಯಲ್ಲಿ ಕೂತಿರುವ ಕಸವನ್ನು ಇನ್ನಷ್ಟು ಬಿಗಿಯಾಗಿ ತುರುಕಿದ ಹಾಗೆ.

ಸ್ವಲ್ಪ ಲೆಕ್ಕ ಮಾಡೋಣ, ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ತೆರೆದ ಜಾಗದ ಪಾಲು ಎಂದರೆ ಸಂದಿನ ಅಗಲವನ್ನು ಸಂದು ಮತ್ತು ತಂತಿಯ ಒಟ್ಟು ಅಗಲದಿಂದ ಭಾಗಿಸಿದ್ದು. ತಂತಿಯ ಮುಖ 1.5 ಮಿ.ಮೀ. ಇದ್ದರೆ 1 ಮಿ.ಮೀ. ಸಂದಿಗೆ ಶೇ. 40, 0.5 ಮಿ.ಮೀ. ಸಂದಿಗೆ ಶೇ. 25, 0.25 ಮಿ.ಮೀ. ಸಂದಿಗೆ ಶೇ. 14ರಷ್ಟು ಮಾತ್ರ. ಈಗ ಸಂದಿನ ಎರಡೂ ಅಂಚಿಗೆ 0.1 ಮಿ.ಮೀ. ದಪ್ಪದ ಜಿಡ್ಡು ಹಿಡಿಯಿತು ಎಂದುಕೊಳ್ಳಿ. 1 ಮಿ.ಮೀ. ಸಂದು 0.8 ಆಗುತ್ತದೆ, ಐದನೇ ಒಂದು ಪಾಲು ಹೋಯಿತು. 0.5 ಮಿ.ಮೀ. ಸಂದು 0.3ಕ್ಕೆ ಇಳಿಯುತ್ತದೆ, ಶೇ. 40 ಹೋಯಿತು. 0.25 ಮಿ.ಮೀ. ಸಂದು ಬಹುತೇಕ ಮುಚ್ಚಿಯೇ ಹೋಗುತ್ತದೆ. ಸಣ್ಣ ಸಂದು ಹಾಕಿದಷ್ಟೂ ಒಳ್ಳೆಯದು ಎಂದು ವಾದಿಸುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಮುಂದಿನ ಹಂತಕ್ಕೆ ನಿಜವಾಗಿ ಬೇಕಿರುವುದಕ್ಕಿಂತ ಸಣ್ಣ ಸಂದು ಆರಿಸಿದರೆ ಜೀವನಪೂರ್ತಿ ತೊಳೆಯುವ ಕೆಲಸ ಗಂಟು ಬೀಳುತ್ತದೆ.

ಡ್ರಮ್ ಓದುವ ಕ್ರಮ ಹೀಗೆ. ಸ್ಕ್ರೀನ್ ಹೊಸದಾಗಿದ್ದಾಗ, ಅಥವಾ ಚೆನ್ನಾಗಿ ತೊಳೆದ ಮರುದಿನ, ಸಾಮಾನ್ಯ ಹರಿವಿನಲ್ಲಿ ನೀರು ಡ್ರಮ್ಮಿನ ಉದ್ದದಲ್ಲಿ ಎಲ್ಲಿಯವರೆಗೆ ಹೋಗಿ ಪೂರ್ತಿ ಇಳಿಯುತ್ತದೆ ನೋಡಿ, ಹೊರಗಿನ ಫ್ರೇಮಿನ ಮೇಲೆ ಪೇಂಟ್‌ನಿಂದ ಒಂದು ಗೆರೆ ಎಳೆಯಿರಿ. ಅದೇ ಹರಿವಿನಲ್ಲಿ ಆ ನೀರಿನ ಅಂಚು ಗೆರೆ ದಾಟಿ ಕಸದ ತುದಿಯ ಕಡೆ ಸರಿಯುತ್ತಿದ್ದರೆ ಸಂದುಗಳು ಮುಚ್ಚುತ್ತಿವೆ. ಉಕ್ಕುವ ಮೊದಲೇ ಇದು ಕಣ್ಣಿಗೆ ಕಾಣುತ್ತದೆ. ಮೋಟರ್ ಆಂಪಿಯರ್ ನೋಡಿ ಇದನ್ನು ಹಿಡಿಯಲಾಗದು. ಸಂದು ಮುಚ್ಚಿದ ಡ್ರಮ್ಮೂ ಆರಾಮಾಗಿ ತಿರುಗುತ್ತಲೇ ಇರುತ್ತದೆ.

ಮುಚ್ಚಿಕೊಂಡ ಜಾಗದ ಆಕಾರ ನೋಡಿ. ಡ್ರಮ್ಮಿನ ಸುತ್ತ ಒಂದೇ ಒಂದು ಕಪ್ಪು ಪಟ್ಟಿ, ಬಳೆ ತೊಡಿಸಿದಂತೆ, ಅಕ್ಕಪಕ್ಕ ಲೋಹ ಹೊಳೆಯುತ್ತಿದೆ ಎಂದರೆ ಆ ಪಟ್ಟಿಯ ನೇರಕ್ಕೆ ಇರುವ, ತೊಳೆಯುವ ನೀರು ಸಿಂಪಡಿಸುವ ನಾಜಲ್ ಕಟ್ಟಿಕೊಂಡಿದೆ. ಬೇರೆಲ್ಲೂ ಹುಡುಕಬೇಡಿ. ಇಡೀ ಡ್ರಮ್ ಒಂದೇ ಸಮ ಮಂಕಾಗಿದ್ದು, ಬೆರಳಾಡಿಸಿದರೆ ಜಾರಿದರೆ ಅದು ಜಿಡ್ಡು. ಬೆರಳಿಗೆ ಒರಟಾಗಿ, ಬಿಳಿ ಅಥವಾ ಬೂದು ಬಣ್ಣಕ್ಕೆ ಹತ್ತಿದರೆ ಸುಣ್ಣದ ಪದರ. ಹೆಡ್‌ಬಾಕ್ಸಿನ ಒಂದೇ ಬದಿಯಲ್ಲಿ ನೀರು ಹೆಚ್ಚು ಬೀಳುತ್ತಿದ್ದರೆ ಅಂಚು ಲೆವೆಲ್ ತಪ್ಪಿದೆ, ಅಥವಾ ಅದರ ಮೇಲೆ ಚಿಂದಿ ಕೂತಿದೆ. (ಬೆರಳಾಡಿಸುವ ಮುನ್ನ ಡ್ರಮ್ ನಿಲ್ಲಿಸಿ, ವಿದ್ಯುತ್ ಕಡಿಯುವ ಸ್ವಿಚ್ಚಾದ ಐಸೋಲೇಟರ್‌ಗೆ ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡು, ಕೈಗವಸು ತೊಟ್ಟಿರಬೇಕು. ಟೈಮರ್ ಅಥವಾ ಲೆವೆಲ್ ಸೆನ್ಸರ್ ಮೇಲೆ ಓಡುವ ಡ್ರಮ್ ಯಾವ ಗಳಿಗೆಯಲ್ಲಾದರೂ ತಾನಾಗಿ ತಿರುಗುತ್ತದೆ.)

ಸ್ಪ್ರೇ ವಿಚಾರದಲ್ಲಿ ಒಂದಿಷ್ಟು ಹೆಚ್ಚು ಹೇಳಬೇಕು, ಏಕೆಂದರೆ ತೊಂದರೆಯ ದೊಡ್ಡ ಪಾಲು ಇಲ್ಲಿದೆ. ಒತ್ತಡ 3ರಿಂದ 5 ಬಾರ್ ಇರಬೇಕು ಎಂದಾಗ ಅದು ಪಂಪಿನ ಬಳಿಯಲ್ಲ, ಸ್ಪ್ರೇ ಪೈಪಿನ ಕೊನೆಯಲ್ಲಿ, ಎಲ್ಲ ನಾಜಲ್ ಹರಿಯುತ್ತಿರುವಾಗ. ಪ್ರೆಶರ್ ಗೇಜ್ ಅಲ್ಲೇ ಕೂರಿಸಿ. ಒಂದು ನಾಜಲ್ ಬಿದ್ದುಹೋಗಿದ್ದರೆ ಪಂಪಿನ ಗೇಜ್ ಅಷ್ಟಾಗಿ ಅಲುಗದಿದ್ದರೂ ಕೊನೆಯ ಎರಡು ನಾಜಲ್‌ಗಳಲ್ಲಿ ನೀರು ಜೋತುಬಿದ್ದಿರುತ್ತದೆ. ಚಪ್ಪಟೆ ಬೀಸಣಿಗೆಯಾಗಿ ಹರಡುವ ನಾಜಲ್ ಆದರೆ ಪ್ರತಿಯೊಂದನ್ನೂ ಪೈಪಿನ ನೇರಕ್ಕಿಂತ 10–15 ಡಿಗ್ರಿ ತಿರುಗಿಸಿ ಕೂರಿಸಬೇಕು, ಆಗ ಪಕ್ಕಪಕ್ಕದ ನೀರು ಗಾಳಿಯಲ್ಲೇ ಡಿಕ್ಕಿಯಾಗದೆ ಒಂದರ ಅಂಚಿನ ಮೇಲೆ ಇನ್ನೊಂದು ಬೀಳುತ್ತದೆ. ಪೈಪ್ ಇರಬೇಕಾದ್ದು ಡ್ರಮ್ಮಿನ ನೆತ್ತಿಯ ಹತ್ತಿರ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 11–12 ಗಂಟೆಯ ಜಾಗದಲ್ಲಿ. ಕಿತ್ತುಬಂದ ಕಸ ಒಳಗೆ ಕೆಳಕ್ಕೆ ಬಿದ್ದು ಪಟ್ಟಿಗಳ ಜೊತೆ ಹೊರಟುಹೋಗಬೇಕಲ್ಲ.

ತೊಳೆಯಲು ಸಂಸ್ಕರಿಸಿದ ನೀರನ್ನೇ ಬಳಸುವುದಾದರೆ ಪೈಪಿಗೆ ಮುಂಚೆ ನೀರು ಸೋಸುವ ಸ್ಟ್ರೈನರ್ ಬೇಕೇ ಬೇಕು, ಅದರ ರಂಧ್ರ ನಾಜಲ್ ಬಾಯಿಗಿಂತ ಸಾಕಷ್ಟು ಸಣ್ಣದಿರಬೇಕು. ಪೈಪಿನ ಕೊನೆಗೆ ಪೂರ್ತಿ ಮುಚ್ಚುವ ಬ್ಲೈಂಡ್ ಫ್ಲ್ಯಾಂಜ್ ಬದಲು ಬಾಲ್ ವಾಲ್ವ್ ಹಾಕಿ, ವಾರಕ್ಕೊಮ್ಮೆ ಪೂರ್ತಿ ತೆರೆದು ಕೆಸರು ಹೊರಹೋಗಲು ಬಿಡಿ. ನಾಜಲ್ ಬಿಚ್ಚಿದಾಗ ಬಾಯಿಗೆ ತಂತಿ ತೂರಿಸಿ ಕೆದಕಬೇಡಿ. ಬಾಯಿ ಗೀರಿದರೆ ಬೀಸಣಿಗೆ ಒಡೆದು ನೀರು ಪಿಚಕಾರಿಯಂತೆ ಒಂದೇ ಕಡೆ ಹೊಡೆಯುತ್ತದೆ. ಪ್ಲಾಸ್ಟಿಕ್ ಬ್ರಷ್, ಸೋಪಿನ ನೀರು ಸಾಕು.

ಜಿಡ್ಡಿಗೆ ತಣ್ಣೀರಿನ ಒತ್ತಡ ಎಷ್ಟು ಏರಿಸಿದರೂ ಅಷ್ಟಕ್ಕಷ್ಟೆ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರು, ಜೊತೆಗೆ ಜಿಡ್ಡು ಬಿಡಿಸುವ ಕ್ಷಾರೀಯ ಮಾರ್ಜಕ ಕೆಲಸ ಮಾಡುತ್ತವೆ. ಆದರೆ ಕರಗಿದ ಜಿಡ್ಡು ಮಾಯವಾಗುವುದಿಲ್ಲ. ಕೆಳಗಿನ ತೊಟ್ಟಿಯಲ್ಲಿ ತಣ್ಣಗಾಗಿ ಮತ್ತೆ ಗಟ್ಟಿಯಾಗಿ, ಅಲ್ಲಿಯ ಲೆವೆಲ್ ಸೆನ್ಸರ್ ಮೇಲೆ ಕೂರುತ್ತದೆ. ದಿನಾ ಬಿಸಿನೀರು ಬೇಕಾಗುತ್ತಿದೆ ಎಂದರೆ ಜಿಡ್ಡನ್ನು ಸ್ಕ್ರೀನಿಗಿಂತ ಮುಂಚೆ, ಅದು ಹುಟ್ಟುವ ಜಾಗದಲ್ಲೇ ಹಿಡಿಯಬೇಕು.

ಸುಣ್ಣದ ಪದರಕ್ಕೆ ಸಿಟ್ರಿಕ್ ಆಮ್ಲದ ದ್ರಾವಣ. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮಾಡುತ್ತದೆ, ಆದರೆ ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನು ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. 316 ದರ್ಜೆ ಕೂಡ ಅದಕ್ಕೆ ಹೊರತಲ್ಲ. ಆಮ್ಲ ಹಾಕುವ ಮುಂಚೆ ಲೋಳೆಯನ್ನೆಲ್ಲ ನೀರಿನಲ್ಲಿ ತೊಳೆದು ತೆಗೆಯುವುದು ಮುಖ್ಯ. ಕಪ್ಪು ಲೋಳೆಯಲ್ಲಿ ಸಲ್ಫೈಡ್ ಇರುತ್ತದೆ, ಆಮ್ಲ ಸೋಕಿದರೆ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಹುಡ್ ಕೆಳಗೆ ತಲೆ ಹಾಕಿಕೊಂಡಿರುವವರಿಗೆ ಇದು ಪ್ರಾಣಕ್ಕೇ ಸಂಚಕಾರ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ತಲುಪಿದರೆ ಮೂಗು ಸೋತು ಕೊಳೆತ ಮೊಟ್ಟೆಯ ವಾಸನೆಯೇ ತಿಳಿಯದು, ಹಾಗಾಗಿ ವಾಸನೆ ಹೋಯಿತು ಎಂದು ನೆಮ್ಮದಿಪಡುವಂತಿಲ್ಲ. ಗ್ಯಾಸ್ ಮೀಟರ್ ಮೈಮೇಲಿರಲಿ, ಫ್ಯಾನ್ ಓಡುತ್ತಿರಲಿ. ಆಮ್ಲವನ್ನೂ ಹೈಪೋಕ್ಲೋರೈಟನ್ನೂ (ಬ್ಲೀಚ್) ಒಂದೇ ಪಾಳಿಯಲ್ಲಿ ಬಳಸಲೇಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ.

ಕೂದಲು ಮತ್ತು ನಾರಿನ ಕತೆ ಬೇರೆ. ಉದ್ದದ ಸಂದಿನಲ್ಲಿ ಕೂದಲು ತುದಿಯಿಂದ ನುಗ್ಗಿ ಪಾರಾಗುತ್ತದೆ, ಎಷ್ಟು ಸಣ್ಣ ಸಂದಾದರೂ ಸರಿ. ಅರ್ಧ ನುಗ್ಗಿದ್ದು ತಂತಿಗೆ ಮಡಚಿಕೊಂಡು ಕೂತರೆ ಸ್ಪ್ರೇಗೂ ಬಗ್ಗುವುದಿಲ್ಲ. ಮುಂದೆ ಮೆಂಬ್ರೇನ್ (ಅತಿ ಸೂಕ್ಷ್ಮ ರಂಧ್ರಗಳ ಸೋಸುಪೊರೆ) ಇರುವ ಘಟಕಗಳಲ್ಲಿ ಸಂದಿನ ಬದಲು 1–2 ಮಿ.ಮೀ. ದುಂಡು ರಂಧ್ರದ ತಗಡನ್ನು ಬಯಸುವುದು ಈ ಕಾರಣಕ್ಕೆ. ಡ್ರಮ್ ವೇಗ ಏರಿಸಿದರೆ ಇದೇ ನಾರು ಒಳಗೆ ಉರುಳಿ ಉರುಳಿ ಹಗ್ಗದಂತಾಗಿ ಪಟ್ಟಿಗಳಿಗೆ ಸುತ್ತಿಕೊಳ್ಳುವುದೂ ಉಂಟು. ವೇಗ ಏರಿದಾಗ ಇನ್ನೊಂದಾಗುತ್ತದೆ: ಕಸಕ್ಕೆ ನೀರು ಬಸಿಯುವಷ್ಟು ಹೊತ್ತು ಸಿಗದೆ ಒದ್ದೆಯಾಗಿಯೇ ಬೀಳುತ್ತದೆ, ಕಸ ಹಿಂಡುವ ಪ್ರೆಸ್ ಇದ್ದರೆ ಅದಕ್ಕೂ ಹೊರೆ. ತೀರಾ ನಿಧಾನವಾದರೆ ಕಸದ ಪದರ ದಪ್ಪವಾಗಿ ನೀರು ಅದರ ಮೇಲೇರಿ ಪಟ್ಟಿ ದಾಟಿ ಹೋಗುತ್ತದೆ. ವೇಗ ಬದಲಿಸುವುದಾದರೆ ಒಂದೊಂದೇ ಸುತ್ತು ಬದಲಿಸಿ, ಅರ್ಧ ದಿನ ಬಿಟ್ಟು ನೀರಿನ ಗೆರೆಯನ್ನೂ ಕಸದ ತೇವವನ್ನೂ ನೋಡಿ.

ನೀರು ಬರುವ ರೀತಿಯನ್ನೂ ನೋಡಬೇಕು. ಗಂಟೆಯ ಸರಾಸರಿ 60 ಘನ ಮೀಟರ್ ಇರಬಹುದು, ಆದರೆ ಪಂಪ್ 20 ನಿಮಿಷ ಓಡಿ 40 ನಿಮಿಷ ನಿಲ್ಲುತ್ತಿದ್ದರೆ ಓಡುವಾಗ ಡ್ರಮ್ಮಿಗೆ ಬೀಳುವುದು ಗಂಟೆಗೆ 180ರ ವೇಗದಲ್ಲಿ. ಸರಾಸರಿ ತೋರಿಸಿ ‘ಸ್ಕ್ರೀನ್ ಸಾಮರ್ಥ್ಯ 100 ಇದೆ, ಆದರೂ ಉಕ್ಕುತ್ತದೆ’ ಎಂದು ದೂರುವ ಕಡೆ ಪಂಪಿಗೆ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಸಾಧನ) ಹಾಕಿ ಸಮವಾಗಿ ಓಡಿಸಿದರೆ ಸಾಕಾದೀತು.

ಯಂತ್ರದ ಕಡೆ ಎರಡೇ ಮಾತು. ಡ್ರಮ್ ಒಂದು ತುದಿಗೆ ಜರುಗಿ, ಹಾಗೆ ಜರುಗದಂತೆ ತಡೆಯಲು ಇಟ್ಟಿರುವ ತಡೆ ರೋಲರನ್ನು ಒಂದೇ ಸಮ ಉಜ್ಜುತ್ತಿದ್ದರೆ ತಡೆ ರೋಲರ್ ಬದಲಿಸುವುದು ಪರಿಹಾರವಲ್ಲ. ಹೊರುವ ರೋಲರ್‌ಗಳ ಅಕ್ಷ ಡ್ರಮ್ಮಿನ ಅಕ್ಷಕ್ಕೆ ಸಮಾನಾಂತರವಾಗಿಲ್ಲ, ಅಥವಾ ಒಂದು ಹೆಚ್ಚು ಸವೆದಿದೆ. ಬದಲಿಸುವಾಗ ಜೋಡಿಯಾಗಿ ಬದಲಿಸಿ. ಚೈನ್ ಟೈಟ್ ಮಾಡುವ ಭರದಲ್ಲಿ ಡ್ರಮ್ಮನ್ನು ರೋಲರ್ ಮೇಲಿಂದ ಎಳೆದುಬಿಡಬೇಡಿ.

ಸೀಲ್ ಮಾತ್ರ ಮರೆಯಬೇಡಿ. ಹೆಡ್‌ಬಾಕ್ಸ್ ಕಡೆಯ ತುದಿಯಲ್ಲಿ ರಬ್ಬರ್ ಸವೆದು 6 ಮಿ.ಮೀ. ಬಿರುಕು ಬಿಟ್ಟಿದ್ದರೆ ನಿಮ್ಮಲ್ಲಿರುವುದು 1 ಮಿ.ಮೀ. ಸ್ಕ್ರೀನ್ ಅಲ್ಲ, 6 ಮಿ.ಮೀ. ಸ್ಕ್ರೀನ್. ಕೆಳಗಿನ ತೊಟ್ಟಿಯಲ್ಲಿ ಬೀಜ, ಪ್ಲಾಸ್ಟಿಕ್ ಚೂರುಗಳಂಥ ದಪ್ಪ ಕಸ ತೇಲುತ್ತಿದ್ದರೆ ಅದು ಜಾಲರಿಯಿಂದ ಇಳಿದದ್ದಲ್ಲ. ಜಾಲರಿ ಎಲ್ಲೂ ಹರಿದಿಲ್ಲ ಎಂದು ಖಚಿತವಾದ ಮೇಲೆ ನೇರ ಸೀಲಿನ ಬಳಿ ಹೋಗಿ.

ಇನ್ನು ನಿಲ್ಲಿಸುವಾಗ: ನೀರು ನಿಂತ ಮೇಲೆ ಸ್ಪ್ರೇ ಜೊತೆಗೆ ಡ್ರಮ್ಮನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಕಸ ಬೀಳುವುದು ಪೂರ್ತಿ ನಿಂತ ನಂತರ ಆಫ್ ಮಾಡಿ. ಒದ್ದೆ ಕಸ ಹಾಗೇ ಒಣಗಿದರೆ ಅಂಟಿನಂತೆ ಹಿಡಿದು, ಮರುದಿನ ಚಾಲೂ ಮಾಡಿದ ಕೂಡಲೇ ಉಕ್ಕುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಸ್ಪ್ರೇ ಪೈಪಿನ ನೀರು ಬಸಿದು, ದಿನಕ್ಕೊಮ್ಮೆ ಡ್ರಮ್ಮನ್ನು ಒಂದೂವರೆ ಸುತ್ತು ತಿರುಗಿಸಿಡಿ. ಭಾರ ದಿನವೂ ಪಾಲಿಯುರೆಥೇನ್ ರೋಲರಿನ ಅದೇ ಜಾಗದ ಮೇಲೆ ಕೂತಿದ್ದು ರೋಲರ್ ಅಲ್ಲಿ ಚಪ್ಪಟೆಯಾದರೆ ಡ್ರಮ್ ಮುಂದೆ ತಿರುಗುವಾಗಲೆಲ್ಲ ಗಡಗಡ ಎನ್ನುತ್ತದೆ.