ಎರಡು ಬೋಲ್ಟ್, ಮೂರು ಶನಿವಾರ

ಸಿಗ್ನಲ್ ಕೆಂಪಾಗಿತ್ತು. ನನ್ನ ಕಾಲು ಬ್ರೇಕ್ ಮೇಲೆ ಗಟ್ಟಿಯಾಗಿಯೇ ಇತ್ತು, ಆದರೂ ಪೆಡಲ್ ಮಾತ್ರ ಕಲಸಿದ ಹಿಟ್ಟಿನಲ್ಲಿ ಬೆರಳು ಇಳಿದ ಹಾಗೆ ಮೆಲ್ಲಗೆ ಕೆಳಗೆ ಹೋಗುತ್ತಿತ್ತು. ಮುಂದೆ ಬಸ್ಸು, ರಸ್ತೆ ಬೇರೆ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದೆ. ನಿಂತಿತು. ಪಕ್ಕದಲ್ಲಿ ಕೂತಿದ್ದ ಅಪ್ಪ ಕಿಟಕಿಯಿಂದ ಕಣ್ಣು ಕೂಡ ತೆಗೆಯದೆ, "ಎರಡು ಸಲ ಪಂಪ್ ಹೊಡಿ, ಎತ್ತುತ್ತೆ" ಅಂದರು. ಹೊಡೆದೆ. ಎತ್ತಿತು, ಗಟ್ಟಿಯಾಯಿತು, ಹತ್ತು ಎಣಿಸುವಷ್ಟರಲ್ಲಿ ಮತ್ತೆ ಇಳಿಯಿತು.

"ಮಾಸ್ಟರ್ ಸಿಲಿಂಡರ್ ವಾಷರ್ ಹೋಗಿದೆ ಕಣವ್ವ."

ಅರಸೀಕೆರೆ, ತಿಪಟೂರು, ಹಾಸನ ಅಂತ ಇಪ್ಪತ್ತೆರಡು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು ಅವರು. ನಾಡಿ ಹಿಡಿದ ಹಾಗೆ ಹೇಳಿಬಿಟ್ಟರು. ಅಲ್ಲಿಂದ ಮನೆಗೆ ಒಂದು ಮೈಲಿ, ಎರಡನೇ ಗೇರ್ ಮತ್ತು ಹ್ಯಾಂಡ್‌ಬ್ರೇಕ್ ನಂಬಿಕೊಂಡು ಬಂದೆವು. ಮಾಡಬಾರದ ಕೆಲಸ. ಟೋ ಮಾಡಿಸಬೇಕಿತ್ತು. ಮಾಡಿಸಲಿಲ್ಲ.

ಕಾರು ಯಾವುದು ಅಂತ ಹೇಳಲೇ ಇಲ್ಲ ಅಲ್ವಾ. 1967ರ ಮಾರಿಸ್ ಮೈನರ್ 1000. ಎರಡು ಬಾಗಿಲು, 1098 ಸಿಸಿ ಇಂಜಿನ್. ಬಣ್ಣದ ಹೆಸರು ಆಲ್ಮಂಡ್ ಗ್ರೀನ್. ಬಾದಾಮಿಗೂ ಅದಕ್ಕೂ ಏನೂ ಸಂಬಂಧ ಇಲ್ಲ, ನಮ್ಮ ಹಳೇ ಸರ್ಕಾರಿ ಆಸ್ಪತ್ರೆ ಗೋಡೆಗೆ ಅರ್ಧಕ್ಕೆ ಬಳಿಯುತ್ತಿದ್ದ ಹಸಿರು ನೆನಪಿಸಿಕೊಳ್ಳಿ, ಅದು. ನಾನಿರುವುದು ಆಕ್ಸ್‌ಫರ್ಡ್‌ನಲ್ಲಿ. ಈ ಕಾರು ತಯಾರಾದ ಕೌಲಿ ನಮ್ಮ ಮನೆಯಿಂದ ಎರಡೇ ಮೈಲಿ. ಅದೇ ಕೌಲಿಯಲ್ಲಿ ಈಗ ಬಿಎಂಡಬ್ಲ್ಯು ಕಂಪನಿ ಮಿನಿ ಕಾರು ಮಾಡುತ್ತದೆ. ಮೊದಲ ಮಿನಿಯನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಅವರೇ ಅದಕ್ಕೂ ಮೊದಲು, 1948ರಲ್ಲಿ, ಈ ಮೈನರ್ ಅನ್ನು ಹೊರಗೆ ತಂದವರು. ಕೊನೇ ಗಳಿಗೆಯಲ್ಲಿ ಕಾರು ಅಗಲ ಸಾಲದು ಅನ್ನಿಸಿ, ಮಾದರಿಯನ್ನು ಉದ್ದಕ್ಕೆ ಸೀಳಿ, ಎರಡು ತುಂಡನ್ನೂ ಕಣ್ಣಿಗೆ ಸರಿ ಕಾಣುವವರೆಗೆ ದೂರ ಸರಿಸಿ, ನಡುವೆ ನಾಲ್ಕು ಇಂಚು ಸೇರಿಸಿದರಂತೆ. ಬಾನೆಟ್ ನಡುವೆ ಚಪ್ಪಟೆ ಪಟ್ಟಿಯೊಂದು ಈಗಲೂ ಇದೆ. ಅಪ್ಪ ಊರಿಂದ ಬಂದ ದಿನವೇ ಅದರ ಮೇಲೆ ಕೈ ಆಡಿಸಿ, "ಇದು ಬೇಬಿ ಹಿಂದುಸ್ತಾನ್ ಅಲ್ವೇನೆ?" ಅಂದಿದ್ದರು.

ಹೌದು, ಅದೇ. ಹಿಂದುಸ್ತಾನ್ ಮೋಟರ್ಸ್ ಮೈನರ್ ಅನ್ನು ಆ ಹೆಸರಲ್ಲಿ ಮಾಡುತ್ತಿತ್ತು. ಮಾರಿಸ್ ಆಕ್ಸ್‌ಫರ್ಡ್ ಅನ್ನುವ ಇದರ ದೊಡ್ಡಣ್ಣ ನಮ್ಮಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು, ಆಮೇಲೆ ಅಂಬಾಸಿಡರ್ ಆಯಿತು. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇಪ್ಪತ್ತೆರಡು ವರ್ಷ ನಾನು ನಿಮ್ಮೂರ ಗಾಡೀನೇ ಓಡಿಸಿದ್ದು" ಅಂದರು.

ಈಗ ಬ್ರೇಕಿನ ವಿಷಯ. ಈಗಿನ ಕಾರುಗಳಲ್ಲಿ ಬ್ರೇಕ್ ಆಯಿಲ್‌ಗೆ ಎರಡು ದಾರಿ ಇರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಇದಕ್ಕೆ ಒಂದೇ. ಪೆಡಲ್ ಒತ್ತಿದಾಗ ಆಯಿಲ್ ಅನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದು, ಚಕ್ರಕ್ಕೊಂದರಂತೆ ಡ್ರಮ್ಮು ನಾಲ್ಕು. ಆ ಸಿಲಿಂಡರ್ ಒಳಗಿನ ರಬ್ಬರ್ ಸವೆದರೆ ಆಯಿಲ್ ಹೊರಗೆ ಒಂದು ಹನಿಯೂ ಬೀಳದೆ ಒಳಗೊಳಗೇ ಹಿಂದಕ್ಕೆ ನುಸುಳುತ್ತದೆ, ಪೆಡಲ್ ಇಳಿಯುತ್ತದೆ. ಡ್ರೈವರ್ ಸೀಟಿನ ಮುಂದೆ ಕಾರ್ಪೆಟ್ ಎತ್ತಿ, ನೆಲದ ರಂಧ್ರದಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಆಯಿಲ್ ಮಟ್ಟ ಸರಿಯಾಗಿಯೇ ಇತ್ತು. ಅಲ್ಲಿಗೆ ಅಪ್ಪ ಹೇಳಿದ್ದೇ ನಿಜ.

ಹೌದು, ಈ ಕಾರಿನಲ್ಲಿ ಬ್ರೇಕ್ ಆಯಿಲ್ ಡಬ್ಬ ಬಾನೆಟ್ ಕೆಳಗಿಲ್ಲ, ಡ್ರೈವರ್ ಕಾಲ ಕೆಳಗಿದೆ. ಸಿಲಿಂಡರ್ ಅನ್ನು ನೆಲದಡಿ, ಚಾಸಿಯ ತೊಲೆಯ ಒಳಗೇ ಹುದುಗಿಸಿಟ್ಟಿದ್ದಾರೆ. ಕಾರ್ಪೆಟ್ ಎತ್ತುವ ಸೋಮಾರಿತನಕ್ಕೆ ಎಷ್ಟೋ ಜನ ವರ್ಷಗಟ್ಟಲೆ ಆಯಿಲ್ ನೋಡುವುದೇ ಇಲ್ಲ. ನಾನೂ ಅದೇ ಗುಂಪಿನವಳು.

ಹತ್ತಿರದ ಗ್ಯಾರೇಜಿಗೆ ಫೋನ್ ಮಾಡಿದರೆ ಅಷ್ಟು ಹಳೇ ಗಾಡಿ ಮುಟ್ಟಲ್ಲ ಅಂದರು. ಇನ್ನೊಬ್ಬರು ಮುಟ್ಟುತ್ತೇವೆ, ಆದರೆ ಆರು ವಾರ ಕಾಯಿರಿ ಅಂದರು. ಹೊಸ ಸಿಲಿಂಡರ್‌ಗೆ 80 ಪೌಂಡ್ ಕೊಟ್ಟು ತರಿಸಿದೆ. ಮೈನರ್ ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಇಲ್ಲಿ ಪುಣ್ಯ ಮಾಡಿದ್ದೇವೆ, ಹದಿನಾರು ಲಕ್ಷದಷ್ಟು ಕಾರು ಮಾಡಿದ್ದರಿಂದ ಇವತ್ತಿಗೂ ಸಣ್ಣ ವಾಷರ್‌ವರೆಗೆ ಎಲ್ಲ ಸಿಗುತ್ತದೆ.

ಮೊದಲ ಶನಿವಾರ. ನಮಗೆ ಶೆಡ್ ಇಲ್ಲ, ಮನೆ ಮುಂದಿನ ಕಾರು ನಿಲ್ಲಿಸುವ ಜಾಗವೇ ವರ್ಕ್‌ಶಾಪ್. ಜಾಕಿ ಹಾಕಿ ಎತ್ತಿ ಸ್ಟ್ಯಾಂಡ್ ಕೊಟ್ಟೆ. ಅಪ್ಪ ಎರಡು ಚಕ್ರ ಬಿಚ್ಚಿ ಅವನ್ನೂ ಕಾರಿನ ಕೆಳಗೆ ತಳ್ಳಿದರು, ಸ್ಟ್ಯಾಂಡ್ ಜಾರಿದರೂ ಮಗಳು ಉಳಿಯಲಿ ಅಂತ. "ಆ ಹನ್ನೆರಡು ಹದಿಮೂರು ಸ್ಪ್ಯಾನರ್ ಕೊಡ್ಲಾ?" ಅಂದರು. "ಇದಕ್ಕೆ ಎಂಎಂ ಸೈಜ್ ಬರಲ್ಲ ಅಪ್ಪಾ, ಎಲ್ಲಾ ಇಂಚು" ಅಂದೆ. ಅವರ ಮುಖ ನೋಡಬೇಕಿತ್ತು. "ಅರ್ಧ ಇಂಚು, ಒಂಬತ್ತು ಬೈ ಹದಿನಾರು, ಏಳು ಬೈ ಹದಿನಾರು" ಅಂತ ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಾ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದರು. ಆಮೇಲೆ ನಾನು ಕೆಳಗಿಂದ ಕೈ ಚಾಚಿದರೆ ಸಾಕು, ಕೇಳುವ ಮುಂಚೆ ಸರಿಯಾದ ಸೈಜು ಕೈಗೆ ಬರುತ್ತಿತ್ತು.

ನೆಲದ ತಗಡಿನ ಮುಚ್ಚಳ ಬಿಚ್ಚಿದ್ದಾಯಿತು. ಪೆಡಲ್ ಕೊಂಡಿಯ ಪಿನ್ ತೆಗೆದದ್ದಾಯಿತು. ಪೈಪಿನ ನಟ್ಟು ಅರ್ಧ ದಿನ ತಿಂದಿತು. ಉಳಿದದ್ದು ಎರಡು ಉದ್ದ ಬೋಲ್ಟು. ಚಾಸಿ ತೊಲೆಯ ಆ ಕಡೆಯಿಂದ ಈ ಕಡೆಗೆ, ಸಿಲಿಂಡರ್ ಮೈಯನ್ನು ತೂರಿಕೊಂಡು ಹೋಗುತ್ತವೆ. ನಟ್ಟು ಬಿಚ್ಚಿದೆ. ಬೋಲ್ಟ್ ತಟ್ಟಿದೆ. ಒಂದು ಬೆರಳಿನಷ್ಟು ಹೊರಗೆ ಬಂದು ಟಣ್ ಅಂತ ನಿಂತುಬಿಟ್ಟಿತು.

ಕೆಳಗೆ ನುಸುಳಿ ಟಾರ್ಚ್ ಹಾಕಿದರೆ, ಬೋಲ್ಟಿನ ತಲೆ ಟಾರ್ಷನ್ ಬಾರಿಗೆ ಮೂಗು ತಾಗಿಸಿಕೊಂಡು ಕೂತಿದೆ. ಮೈನರ್ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಉದ್ದಕ್ಕೂ ಒಂದೊಂದು ಉಕ್ಕಿನ ಸರಳು ಇದೆ. ಚಕ್ರ ಗುಂಡಿಗೆ ಬಿದ್ದು ಎದ್ದರೆ ಆ ಸರಳು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ, ಅದೇ ಸ್ಪ್ರಿಂಗ್. ಅಂಬಾಸಿಡರ್‌ಗೂ ಇದೇ ಏರ್ಪಾಡು. ಸರಳು ಸರಿಯಾಗಿ ಬೋಲ್ಟಿನ ದಾರಿಗೆ ಅಡ್ಡ. ಕಾರ್ಖಾನೆಯಲ್ಲಿ ಸಿಲಿಂಡರ್ ಮೊದಲು ಕೂರಿಸಿ ಸರಳು ಆಮೇಲೆ ಹಾಕಿರಬೇಕು, ಅವರಿಗೆ ತೊಂದರೆಯೇ ಆಗಿಲ್ಲ. ತೊಂದರೆ ಏನಿದ್ದರೂ ಐವತ್ತು ವರ್ಷ ಬಿಟ್ಟು ಬೆನ್ನ ಮೇಲೆ ಮಲಗುವವರಿಗೆ. ಅಷ್ಟರಲ್ಲಿ ಮಳೆ ಬಂತು. ಟಾರ್ಪಾಲು ಹೊದಿಸಿ ಒಳಗೆ ಬಂದೆವು.

ಆ ವಾರ ಕಾರಿನ ಜೊತೆ ಬಂದ ಹಳೇ ಫೈಲ್ ತಿರುವಿ ಹಾಕಿದೆ. 1991ರ ಒಂದು ಬಿಲ್ ಸಿಕ್ಕಿತು, ಮಾಸ್ಟರ್ ಸಿಲಿಂಡರ್ ಬದಲಿಸಿದ್ದು. ಅಂದರೆ ಆ ಮೆಕ್ಯಾನಿಕ್ ಕೂಡ ಇದೇ ಸರಳಿಗೆ ತಲೆ ಚಚ್ಚಿಕೊಂಡು, ಬಹುಶಃ ಇಡೀ ಸಸ್ಪೆನ್ಷನ್ ಸಡಿಲ ಮಾಡಿ ಸರಳು ಬಿಚ್ಚಿ, ಬೋಲ್ಟ್ ತೆಗೆದಿದ್ದಾನೆ. ತೆಗೆದು, ಹೊಸ ಸಿಲಿಂಡರ್ ಕೂರಿಸಿ, ಬೋಲ್ಟನ್ನು ಮತ್ತೆ ಅದೇ ಕಡೆಯಿಂದ ಹಾಕಿದ್ದಾನೆ! ನನಗೆ ನಿಜವಾಗಿಯೂ ಸಿಟ್ಟು ಬಂತು. ತಿರುಗಿಸಿ, ತಲೆ ಸರಳಿಲ್ಲದ ಕಡೆ ಬರುವ ಹಾಗೆ ಹಾಕಿದ್ದರೆ ಮುಂದಿನವರಿಗೆ ಅರ್ಧ ಗಂಟೆ ಕೆಲಸ. ಅಪ್ಪ ಮಾತ್ರ ಅವನ ಪರ ವಹಿಸಿದರು. "ಅವನು ಬುಕ್ಕು ನೋಡಿ ಮಾಡವ್ನೆ ಬಿಡು. ಬುಕ್ಕಲ್ಲಿ ಹಂಗೇ ಇರುತ್ತೆ."

ಸರಳು ಬಿಚ್ಚಲು ನನಗೆ ಧೈರ್ಯ ಇರಲಿಲ್ಲ. ಕಾರಿನ ಭಾರವನ್ನೆಲ್ಲ ಹೊತ್ತು ತಿರುಚಿಕೊಂಡಿರುವ ಉಕ್ಕು ಅದು, ಬಿಗಿ ಇಳಿಸದೆ ಬಿಚ್ಚಿದರೆ ಕೈ ಮುರಿಯುತ್ತದೆ. ಆದ್ದರಿಂದ ಎರಡನೇ ಶನಿವಾರ ಕತ್ತರಿಸುವ ಕೆಲಸ. ಬೋಲ್ಟ್ ಎಷ್ಟು ಹೊರಗೆ ಬಂದಿತ್ತೋ ಅಷ್ಟು ಜಾಗದಲ್ಲಿ, ತಲೆಗೂ ತೊಲೆಗೂ ನಡುವೆ, ಹ್ಯಾಕ್ಸಾ ಬ್ಲೇಡ್ ಮಾತ್ರ ಹಿಡಿಸುತ್ತದೆ, ಅದರ ಫ್ರೇಮ್ ಹಿಡಿಸುವುದಿಲ್ಲ. ಅಪ್ಪ ಬ್ಲೇಡಿನ ಒಂದು ತುದಿಗೆ ಹಳೇ ಬನಿಯನ್ ಬಟ್ಟೆ ಸುತ್ತಿ, ಮೇಲೆ ದಾರ ಬಿಗಿದು ಕೊಟ್ಟರು. ಸರಳಿಗೆ ಗೀರು ಬೀಳದ ಹಾಗೆ ಒಂದು ತಗಡಿನ ಚೂರನ್ನು ಅಡ್ಡ ಇಟ್ಟೆ. ಟಾರ್ಷನ್ ಬಾರಿನ ಮೇಲೆ ಒಂದು ಗೀರು ಬಿದ್ದರೂ ಮುಂದೊಂದು ದಿನ ಅಲ್ಲಿಂದಲೇ ಬಿರುಕು ಶುರುವಾಗಬಹುದು. ಆಮೇಲೆ ಕುಯ್ಯುವುದೇ ಕುಯ್ಯುವುದು. ಒಂದೊಂದು ಎಳೆತಕ್ಕೆ ಹೆಬ್ಬೆರಳಿನಷ್ಟು ಓಟ. ಕನ್ನಡಕದ ಮೇಲೆ ತುಕ್ಕಿನ ಪುಡಿ, ಕಿವಿಯೊಳಗೆ ಹಳೇ ಡಾಂಬರಿನಂಥ ಲೇಪದ ಚೂರು, ಮೇಲೆ ಅಪ್ಪನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಐದೈದು ನಿಮಿಷಕ್ಕೆ ಆ ಚಪ್ಪಲಿ ಕೇಳುತ್ತಿತ್ತು, "ಎಷ್ಟಾಯ್ತು?" ಮೊದಲನೆಯದಕ್ಕೆ ಐವತ್ತು ನಿಮಿಷ, ಮೂರು ಬ್ಲೇಡ್. ಎರಡನೆಯದಕ್ಕೆ ಕೈ ಸೋತು ಒಂದೂಕಾಲು ಗಂಟೆ. ತಲೆ ಬಿದ್ದ ಶಬ್ದ ಎಷ್ಟು ಸಣ್ಣದು ಗೊತ್ತಾ, ನಾಣ್ಯ ಬಿದ್ದ ಹಾಗೆ. ಉಳಿದ ಮೈಯನ್ನು ಒಳಗಿನ ಕಡೆಗೆ ತಟ್ಟಿದರೆ ಸಲೀಸಾಗಿ ಹೊರಬಂತು.

ಮೂರನೇ ಶನಿವಾರ ಸಲೀಸು ಅಂದುಕೊಂಡಿದ್ದೆ. ಹೊಸ ಬೋಲ್ಟ್‌ಗಳಿಗೆ ಮೂರು ಪೌಂಡ್. ಅವನ್ನು ಉಲ್ಟಾ ಹಾಕಿದೆ, ತಲೆ ಒಳಗೆ, ನಟ್ಟು ಸರಳಿನ ಕಡೆ. ಅಪ್ಪ ಕೈ ಹಾಕಿ ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡರು. ಫೈಲಿನಲ್ಲೂ ಬರೆದಿಟ್ಟೆ.

ಆಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯುವ ಕೆಲಸ. ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಬೇಕು, ಅಂದರೆ ಹಿಂದಿನ ಎಡಗಡೆ. ಚಕ್ರದ ಹಿಂದೆ ಆಯಿಲ್ ಹೊರಬಿಡುವ ಸಣ್ಣ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಇನ್ನೊಂದು ತುದಿ ಜಾಮ್ ಬಾಟಲಿಯ ಆಯಿಲ್‌ನಲ್ಲಿ ಮುಳುಗಿಸಿದೆ. ಅಪ್ಪ ಸ್ಟೀರಿಂಗ್ ಮುಂದೆ.

"ಒತ್ತಿ." "ಒತ್ತಿದೆ." "ಹಂಗೇ ಇರಿ." ನಿಪ್ಪಲ್ ಸಡಿಲ, ಗುಳುಗುಳು ಗುಳ್ಳೆ, ನಿಪ್ಪಲ್ ಬಿಗಿ. "ಬಿಡಿ." ಇದೇ ಮಾತು ಒಂದು ನೂರು ಸಲ. ಬೇಲಿ ಆಚೆಯ ಇಂಗ್ಲಿಷ್ ಹುಡುಗ ಸ್ವಲ್ಪ ಹೊತ್ತು ಕೇಳಿಸಿಕೊಂಡು ತಾನೂ "ಒತ್ತಿ, ಬಿಡಿ" ಅಂತ ಕೂಗತೊಡಗಿದ. ಅವನ ಬಾಯಿಗೆ ಬಂದ ಮೊದಲ ಕನ್ನಡ ಅದು. ಈಗಲೂ ನನ್ನನ್ನು ಕಂಡರೆ ಒತ್ತಿ ಅನ್ನುತ್ತಾನೆ.

ಎರಡು ಬಾಟಲಿ ಆಯಿಲ್ ಖಾಲಿಯಾಯಿತು. ಗುಳ್ಳೆ ನಿಂತಿತು. ಪೆಡಲ್ ಇಳಿಯುವುದೂ ನಿಂತಿತು, ಆದರೆ ಮುಕ್ಕಾಲು ದೂರ ಹೋದ ಮೇಲೇ ಹಿಡಿಯುತ್ತಿತ್ತು. ಇನ್ನೂ ಏರ್ ಇದೆ ಅಂತ ನಾನು ಮತ್ತೆ ನಾಲ್ಕು ಚಕ್ರ ಸುತ್ತಿದೆ. ಏನೂ ಬದಲಾಗಲಿಲ್ಲ. ಕಾರನ್ನೇ ಮಾರಿಬಿಡುತ್ತೇನೆ ಅಂದೆ. ಆ ಮಾತನ್ನು ನಾನು ವರ್ಷಕ್ಕೆ ಎರಡು ಸಲ ಹೇಳುತ್ತೇನೆ.

"ಏರ್ ಇಲ್ಲ ಕಣವ್ವ," ಅಂದರು ಅಪ್ಪ ಸೀಟಿನಿಂದಲೇ. "ಬ್ರೇಕ್ ಟೈಟ್ ಮಾಡಿದೀಯಾ?"

ಮಾಡಿರಲಿಲ್ಲ. ಡ್ರಮ್ ಬ್ರೇಕಿನಲ್ಲಿ ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯುವ ಲೈನಿಂಗ್ ಸವೆದ ಹಾಗೆ ಅದಕ್ಕೂ ಡ್ರಮ್ಮಿಗೂ ನಡುವೆ ಸಂದು ಹೆಚ್ಚುತ್ತದೆ. ಪೆಡಲ್ ಒತ್ತಿದ್ದರಲ್ಲಿ ಅರ್ಧ ಆ ಸಂದು ತುಂಬಿಸುವುದಕ್ಕೇ ಹೋಗುತ್ತದೆ. ನಮ್ಮೂರಲ್ಲಿ ಸೈಕಲ್ ಓಡಿಸುವ ಹುಡುಗನಿಗೂ ಗೊತ್ತಿರುವ ವಿಷಯ. ಮುಂದಿನ ಚಕ್ರಗಳಿಗೆ ಎರಡೆರಡು, ಹಿಂದಿನವಕ್ಕೆ ಒಂದೊಂದು, ಒಟ್ಟು ಆರು ಕಡೆ ಸ್ಕ್ರೂ ಇದೆ. ಡ್ರಮ್ಮಿನ ತೂತಿನಲ್ಲಿ ಸ್ಕ್ರೂಡ್ರೈವರ್ ಬಿಟ್ಟು ಚಕ್ರ ಪೂರ್ತಿ ಕಚ್ಚುವವರೆಗೆ ತಿರುಗಿಸಿ, ಒಂದೇ ಒಂದು ಕಚ್ಚು ಹಿಂದಕ್ಕೆ ಬಿಡಬೇಕು. ಚಕ್ರ ಸುಮ್ನೆ ಉಸ್ ಅಂತ ಸವರಿಕೊಂಡು ತಿರುಗಬೇಕು. ಇಪ್ಪತ್ತು ನಿಮಿಷ. ಅಪ್ಪ ಒತ್ತಿದರು. ಕಾಲು ದೂರಕ್ಕೇ ಕಲ್ಲಿನ ಹಾಗೆ ನಿಂತಿತು. ಅಂದ ಹಾಗೆ ನನ್ನ ಕೈಪಿಡಿಯಲ್ಲೂ ಬ್ರೇಕ್ ಮೊದಲು ಟೈಟ್ ಮಾಡಿ ಆಮೇಲೆ ಏರ್ ತೆಗೆಯಿರಿ ಅಂತಲೇ ಇತ್ತು. ಆ ಸಾಲನ್ನು ನಾನು ಹಾರಿಸಿದ್ದೆ.

ನಲವತ್ತು ವರ್ಷ ದಾಟಿದ ಕಾರುಗಳಿಗೆ ಇಲ್ಲಿ 2018ರಿಂದ ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ವರ್ಷವರ್ಷ ನೋಡುವ ತಪಾಸಣೆ, ಕಡ್ಡಾಯ ಅಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಒಂದೇ ಸಿಲಿಂಡರ್ ನಂಬಿಕೊಂಡ ಗಾಡಿಯನ್ನು ಬೇರೆಯವರ ಕಣ್ಣಿಗೂ ತೋರಿಸಿಯೇ ರಸ್ತೆಗೆ ತೆಗೆಯಬೇಕು. ಸೋಮವಾರ ತೋರಿಸಿದೆ, ಪಾಸಾಯಿತು. ಸಂಜೆ ಅಪ್ಪನನ್ನು ಕೂರಿಸಿಕೊಂಡು ಅದೇ ಸಿಗ್ನಲ್‌ಗೆ ಹೋದೆ, ಅದು ಕೆಂಪಾಗುವವರೆಗೆ ಒಂದು ಸುತ್ತು ಹಾಕಿ ಮತ್ತೆ ಬಂದೆ. ಪೆಡಲ್ ಅಲ್ಲಾಡಲಿಲ್ಲ. ಅಪ್ಪ ಕಿಟಕಿ ಆಚೆ ನೋಡುತ್ತಲೇ ಇದ್ದರು.

ಒಂದು ವಿಷಯ ಆಮೇಲೆ ಗೊತ್ತಾಯಿತು. ಏರ್ ತೆಗೆದ ದಿನ ಅಪ್ಪ ಬ್ರೇಕ್ ಆಯಿಲ್ ಬಾಟಲಿಯನ್ನು ಮಡ್ಗಾರ್ಡ್ ಮೇಲೆ ಇಟ್ಟಿದ್ದರು. ಬ್ರೇಕ್ ಆಯಿಲ್ ತಾಗಿದರೆ ಪೇಂಟ್ ಎದ್ದುಬರುತ್ತದೆ, ಇಪ್ಪತ್ತೆರಡು ವರ್ಷ ಟ್ಯಾಕ್ಸಿ ಓಡಿಸಿದವರಿಗೆ ಗೊತ್ತಿರದ ಮಾತೇನಲ್ಲ. ಬಾಟಲಿ ತಳದ ಅಚ್ಚು, ಮುಕ್ಕಾಲು ಬಳೆಯ ಹಾಗೆ, ಹಸಿರೆಲ್ಲ ಹೋಗಿ ಬೂದು ಕಾಣುತ್ತಿತ್ತು. ಆ ದಿನ ಸಂಜೆಯವರೆಗೂ ಅವರು ಅದೇ ಮಡ್ಗಾರ್ಡಿಗೆ ಒರಗಿಕೊಂಡು ನಿಂತಿದ್ದು ಯಾಕೆ ಅಂತ ಆಗ ಹೊಳೆಯಿತು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಊರಿಗೆ ಹೋದರು. ಆಲ್ಮಂಡ್ ಗ್ರೀನ್ ಬಣ್ಣದ ಸಣ್ಣ ಡಬ್ಬಿ ತಂದಿಟ್ಟು ತಿಂಗಳುಗಳಾದವು. ಅದರ ಮುಚ್ಚಳ ಇನ್ನೂ ತೆಗೆದಿಲ್ಲ.